ಬೀರುವಿನಲ್ಲಿರುವ ನಮ್ಮ ಲೈಬ್ರರಿ ಪೆಟ್ಟಿಗೆಯನ್ನು ಹೊರಗೆ ತೆಗೆಯಿರಿ

ನಮ್ಮ ಜಿಲ್ಲೆಯ ಶಾಲೆಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ, ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸದಸ್ಯರಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಹೋದ ವರ್ಷ ನಿವೃತ್ತಿ ಆಯಿತು. ಕನ್ನಡದ ಜೊತೆಗೆ ಲೈಬ್ರರಿ ಚಾರ್ಜೂ ನನ್ನದೇ ಇತ್ತು. ನಮ್ಮ ಶಾಲೆಗೆ ಗ್ರಂಥಪಾಲಕರ ಹುದ್ದೆ ಇಲ್ಲ. ಯಾರಿಗೆ ಒಂದೆರಡು ಪೀರಿಯಡ್ ಕಮ್ಮಿ ಇದೆಯೋ ಅವರ ಕೈಗೆ ಬೀರುವಿನ ಬೀಗದ ಕೈ ಬಂದು ಬೀಳುತ್ತದೆ. ನನ್ನ ಕೈಗೂ ಹಾಗೇ ಬಿತ್ತು. ಹನ್ನೊಂದು ವರ್ಷ ಅಲ್ಲೇ ಉಳಿಯಿತು.

ಈ ಪತ್ರ ಬರೆಯಲು ಕಾರಣ ಶಾಲೆಯ ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುವ, ಇಂಟರ್‌ನೆಟ್ ಇಲ್ಲದೆ ಟ್ಯಾಬ್‌ನಲ್ಲಿ ಓದಲು ಕೊಡುವ ಒಂದು ಪೆಟ್ಟಿಗೆ. ಊಟದ ಡಬ್ಬಿಯಷ್ಟು ದೊಡ್ಡದು, ಅಷ್ಟೇ. ಅದರ ಪಕ್ಕದಲ್ಲಿ ಆರು ಟ್ಯಾಬ್. ಮಕ್ಕಳು ಎರಡು ವರ್ಷ ಸೇರಿ ಬರೆದ ಪದಗಳ ಪಟ್ಟಿಯೂ ಅವುಗಳ ಜೊತೆ ಮುಚ್ಚಿಹೋಗಿದೆ. ಲಿಖಿತ ಆದೇಶ ಅಂತ ಯಾವುದೂ ಬರಲಿಲ್ಲ. ಶಾಲೆಗೆ ಭೇಟಿ ಕೊಟ್ಟ ಒಬ್ಬ ಅಧಿಕಾರಿ ಕುರ್ಚಿಯಿಂದ ಏಳುತ್ತಾ, "ಇವೆಲ್ಲ ಯಾಕ್ರೀ ಸುಮ್ನೆ ತಲೆನೋವು, ಎತ್ತಿಡಿ" ಅಂದರು. ಎತ್ತಿಟ್ಟೆವು. ಅವರ ಹೆಸರು, ಹುದ್ದೆ ಇಲ್ಲಿ ಬೇಡ. ಆ ಕುರ್ಚಿಯಲ್ಲಿ ಬೇರೆ ಯಾರು ಕೂತಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದರು. ನನ್ನ ಚಿಂತೆಯೇ ಅದು.

ಯಾಕೆ ಹಾಗೆ ಹೇಳಿದರು ಅನ್ನುವುದನ್ನೂ ಮುಚ್ಚಿಡುವುದಿಲ್ಲ. ತಪ್ಪು ನನ್ನದೂ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಇಂಟರ್‌ನೆಟ್ ಅಂದರೆ ಏನು ಅನ್ನುವುದು ನಿಮಗೆ ಗೊತ್ತಿಲ್ಲದ್ದೇನಲ್ಲ. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ನಮ್ಮ ಮಕ್ಕಳು ಗುಡ್ಡ ಹತ್ತಿದರು. ಶರಾವತಿ ಹಿನ್ನೀರಿನ ಹಳ್ಳಿಗಳಲ್ಲಿ ಪ್ಲಾಸ್ಟಿಕ್ ಹೊದ್ದು, ಕೊಡೆ ಹಿಡಿದು, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ ಪಾಠ ಕೇಳಿದರು. ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಇಡೀ ನಾಡಿಗೆ ಕರೆಂಟ್ ಕೊಟ್ಟ ನೀರಿನ ದಡದಲ್ಲಿ ಕೂತು ಮಕ್ಕಳು ಮೊಬೈಲಿನ ಚಾರ್ಜ್ ಎಣಿಸುತ್ತಿದ್ದರು. ಈಗ ಟವರ್ ಜಾಸ್ತಿ ಆಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಆಷಾಢದ ಮಳೆಗೆ ಮರ ಬಿದ್ದು ಲೈನ್ ಹೋದರೆ ಟವರ್ರೂ ಸತ್ತಂತೆಯೇ. ಎರಡು ದಿನ, ಕೆಲವು ಸಲ ನಾಲ್ಕು ದಿನ. ಆಮೇಲೆ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ.

ಪಠ್ಯಪುಸ್ತಕಗಳಲ್ಲಿ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ದೀಕ್ಷಾದ ಕ್ಯೂಆರ್ ಕೋಡ್ ಇರುತ್ತದಲ್ಲ, ಮೊಬೈಲ್ ಹಿಡಿದರೆ ನೆಟ್‌ನಿಂದ ಪಾಠ ತೆರೆಯುವ ಆ ಕಪ್ಪು ಬಿಳಿ ಚೌಕ. ಒಂಬತ್ತನೇ ತರಗತಿಯ ಹುಡುಗನೊಬ್ಬ ಅದರ ಮೇಲೆ ಪೆನ್ಸಿಲ್‌ನಲ್ಲಿ ಚೌಕಾಬಾರ ಆಡಿದ್ದ. ನಾನು ಬೈಯಲು ಹೋದೆ. "ಮತ್ತೆ ಇದಕ್ಕೆ ಬೇರೆ ಏನು ಕೆಲಸ ಇದೆ ಟೀಚರ್?" ಅಂದ. ಉತ್ತರ ಹೊಳೆಯಲಿಲ್ಲ.

ಇದನ್ನು ನಮ್ಮಲ್ಲೇ ಓದಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬನ ಹತ್ತಿರ ಹೇಳಿಕೊಂಡೆ. ದೀಪಾವಳಿಗೆ ಊರಿಗೆ ಬಂದವನು ಶಾಲೆಗೂ ಬಂದಿದ್ದ. "ನೆಟ್ಟೇ ಬೇಡ ಟೀಚರ್, ಒಂದು ಪೆಟ್ಟಿಗೆ ಸಾಕು" ಅಂದ. ಸಂಕ್ರಾಂತಿಗೆ ತಂದೇಬಿಟ್ಟ. ಒಳಗೆ ಇರುವುದು ರಾಸ್ಪ್‌ಬೆರಿ ಪೈ ಅನ್ನುವ ಅಂಗೈ ಅಗಲದ ಕಂಪ್ಯೂಟರ್. ಪವರ್ ಬ್ಯಾಂಕ್‌ನಲ್ಲೂ ನಡೆಯುತ್ತದೆ. ಅದು ತನ್ನದೇ ಒಂದು ವೈಫೈ ಬಿಡುತ್ತದೆ. ಆ ವೈಫೈಗೂ ಹೊರಗಿನ ಇಂಟರ್‌ನೆಟ್‌ಗೂ ಸಂಬಂಧವೇ ಇಲ್ಲ. ಟ್ಯಾಬನ್ನು ಅದಕ್ಕೆ ಸೇರಿಸಿದರೆ ಪೆಟ್ಟಿಗೆಯಲ್ಲಿ ತುಂಬಿಟ್ಟದ್ದು ಮಾತ್ರ ಕಾಣುತ್ತದೆ. ರೀಲ್ಸ್ ಇಲ್ಲ, ಗೇಮ್ ಇಲ್ಲ, ಜಾಹೀರಾತು ಇಲ್ಲ. ಮೊಬೈಲ್ ಕೊಟ್ಟರೆ ಮಕ್ಕಳು ಕೆಡುತ್ತಾರೆ ಅಂತ ಹೆದರುವ ಅಪ್ಪ ಅಮ್ಮಂದಿರು ಇದನ್ನು ಇನ್ನೊಂದು ಸಲ ಓದಿಕೊಳ್ಳಿ. ನಿಮ್ಮ ಹೆದರಿಕೆ ನನಗೂ ಇದೆ. ಹಾಗಾಗಿಯೇ ಈ ಪೆಟ್ಟಿಗೆ ನನಗೆ ಹಿಡಿಸಿತು.

ಅದರಲ್ಲಿ ಏನೇನಿತ್ತು? ಕಿವಿಕ್ಸ್ ಅನ್ನುವ ಉಚಿತ ತಂತ್ರಾಂಶ ಇದೆ. ಅದರಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಈಗ 30,000ಕ್ಕೂ ಹೆಚ್ಚು ಲೇಖನಗಳಿವೆ. ಎಲ್ಲ ಸೇರಿ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಜೊತೆಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಿಂದ ಇಳಿಸಿಕೊಂಡ ಕನ್ನಡ ಕಥೆಗಳು. ಅಲರ್ ಅನ್ನುವ ಕನ್ನಡ-ಇಂಗ್ಲಿಷ್ ನಿಘಂಟು. ಇದನ್ನು ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿ, ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟಿದ್ದಾರೆ. ಕನ್ನಡ ಪದಗಳೇ ಒಂದೂವರೆ ಲಕ್ಷ ಇವೆ. ನಮ್ಮ ಲೈಬ್ರರಿಯಲ್ಲಿ ಇದ್ದ ನಿಘಂಟು ಒಂದೇ, ಅದರಲ್ಲೂ 'ಪ'ದಿಂದ ಮುಂದಕ್ಕೆ ಒರಲೆ ತಿಂದಿತ್ತು.

ಪುಸ್ತಕದ ವಿರೋಧಿ ಅಂತ ನನ್ನನ್ನು ತಿಳಿಯಬೇಡಿ. ಮಳೆಗಾಲ ಬಂದರೆ ಬೀರುವಿನ ಪುಸ್ತಕಕ್ಕೆಲ್ಲ ಬೂಷ್ಟು. ದಸರಾ ರಜೆ ಮುಗಿದ ಮೇಲೆ ಜಗುಲಿಯಲ್ಲಿ ಚಾಪೆ ಹಾಸಿ, ಅಡಿಕೆ ಒಣಗಿಸಿದ ಹಾಗೆ ಒಣಗಿಸಿದವಳು ನಾನು. ಆಗಸ್ಟ್ 12 ಗ್ರಂಥಪಾಲಕರ ದಿನ. ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರ ಫೋಟೋಕ್ಕೆ ಹಾರ ಹಾಕಿ ಭಾಷಣ ಮಾಡುತ್ತೇವೆ. ಅವರು 1931ರಲ್ಲೇ ಬರೆದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸಲಿಕ್ಕೆ ಅಂತ. ಭಾಷಣ ಮುಗಿಸಿ, ಫೋಟೋವನ್ನು ಬೀರುವಿನೊಳಗೆ ಪುಸ್ತಕಗಳ ಜೊತೆ ಇಟ್ಟು ಬೀಗ ಹಾಕುತ್ತೇವೆ. ನಾನೂ ಹಾಕಿದ್ದೇನೆ.

ಯಾಕೆ ಬೀಗ ಹಾಕುತ್ತೇವೆ ಗೊತ್ತಾ? ಸ್ಟಾಕ್ ರಿಜಿಸ್ಟರ್. ಮಗು ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಚಾರ್ಜ್ ಇರುವ ಟೀಚರ್. ನಿವೃತ್ತಿಯ ದಿನ ಚಾರ್ಜ್ ಒಪ್ಪಿಸುವಾಗ ಏಳು ಪುಸ್ತಕ ಕಮ್ಮಿ ಬಂದವು. ನಾಲ್ಕು ಶಿವಮೊಗ್ಗದ ಅಂಗಡಿಯಲ್ಲಿ ಸಿಕ್ಕವು, ಕೊಂಡು ತಂದಿಟ್ಟೆ. ಮೂರರ ಬೆಲೆ ಕಟ್ಟಿದೆ. ದುಡ್ಡು ದೊಡ್ಡದಲ್ಲ. ಆದರೆ ಅಲ್ಲಿ ನಿಂತು ನೋಡುತ್ತಿದ್ದ ಹೊಸ ಟೀಚರ್ ಮುಖ ನೋಡಬೇಕಿತ್ತು. ಪುಸ್ತಕ ಹಂಚಿದವರಿಗೆ ದಂಡ, ಬೀಗ ಹಾಕಿದವರಿಗೆ ಸಲಾಂ. ಅವರು ಕಲಿತ ಪಾಠ ಅದು. ಟ್ಯಾಬ್‌ಗಳಿಗೂ ಈಗ ಅದೇ ಪಾಠ.

ಮಕ್ಕಳ ಶೀಟಿನ ವಿಷಯಕ್ಕೆ ಬರುತ್ತೇನೆ. ನನಗೆ ಮುಖ್ಯ ಇದೇ.

ಮೊದಲು ಮಾಡಿದ್ದು 'ಓದಿದ್ದು' ಅಂತ ಒಂದು ಶೀಟ್. ಗೂಗಲ್ ಶೀಟ್, ಎಲ್ಲರೂ ಒಂದೇ ಕಡೆ ಬರೆಯುವಂಥದ್ದು. ಟ್ಯಾಬ್‌ನಲ್ಲಿ ನೆಟ್ ಇಲ್ಲದೆಯೂ ಬರೆದಿಡಬಹುದು. ಶನಿವಾರ ನೆಟ್ ಸಿಗುವ ಆಫೀಸಿನ ಕಿಟಕಿ ಪಕ್ಕ ಟ್ಯಾಬ್ ಇಟ್ಟರೆ ಬರೆದದ್ದೆಲ್ಲ ಹೋಗಿ ಸೇರಿಕೊಳ್ಳುತ್ತಿತ್ತು. ಪುಸ್ತಕ ಓದಿದವರು ಎರಡು ಸಾಲು ಬರೆಯಬೇಕು. ಶುರುವಿನಲ್ಲಿ ಎಲ್ಲರದ್ದೂ 'ಈ ಪುಸ್ತಕ ತುಂಬಾ ಚೆನ್ನಾಗಿದೆ, ನೀತಿ ಇದೆ'. ಓದದೆ ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಹೀಗಿರುವಾಗ ಎಂಟನೇ ತರಗತಿಯ ಒಬ್ಬ ಹುಡುಗಿ, ರಟ್ಟು ಕಿತ್ತುಹೋಗಿದ್ದ ಒಂದು ಹಳೆ ಪ್ರಬಂಧ ಪುಸ್ತಕದ ಬಗ್ಗೆ ಬರೆದಳು: "ಇದರಲ್ಲಿ ಒಂದು ಕಡೆ ನಗು ತಡೆಯಕ್ಕಾಗಲ್ಲ. ಯಾವ ಕಡೆ ಅಂತ ಹೇಳಲ್ಲ." ಆ ಪುಸ್ತಕವನ್ನು ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಆಮೇಲೆ ಬೇಸಿಗೆ ರಜೆಯವರೆಗೆ ಅದು ಬೀರುವಿಗೆ ವಾಪಸ್ ಬರಲೇ ಇಲ್ಲ. ಕೈಯಿಂದ ಕೈಗೆ ಹೋಗುತ್ತಿತ್ತು. ನಗು ಬರುವ ಜಾಗ ಯಾವುದು ಅಂತ ಹತ್ತನೆಯವರಲ್ಲಿ ಜಗಳವೇ ಆಯಿತು.

ಇದು ನನ್ನ ಭಾಷಣದಿಂದ ಆಗಿರಲಿಲ್ಲ.

ಎರಡನೆಯದು ಪದಗಳ ಪಟ್ಟಿ. ಮನೆಯಲ್ಲಿ ಅಜ್ಜಿ, ಅಜ್ಜ ಆಡುವ, ಪುಸ್ತಕದಲ್ಲಿ ಕಾಣದ ಮಾತು ಹುಡುಕಿ ತರಬೇಕು. ಕಾಲುಸಂಕ, ಅಬ್ಬಿ, ಉಂಬಳ, ಕೊನೆಗೌಡ. ಅಡಿಕೆ ಮಂಡಿಗೆ ಹೋಗುವ ಮನೆಯ ಹುಡುಗರು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳನ್ನು ಬರೆದು, ಯಾವುದು ಹೇಗೆ ಅಂತ ಫೋಟೋನೂ ಹಾಕಿದರು. ಸೊರಬ ತಾಲ್ಲೂಕಿನ ಒಂದು ಶಾಲೆಯಲ್ಲಿ ನನ್ನ ಗೆಳತಿ ಟೀಚರ್ ಆಗಿದ್ದಾಳೆ. ಅವಳ ಮಕ್ಕಳಿಗೂ ಶೀಟ್ ಹಂಚಿದೆವು. ಆಗ ಮಜಾ ಶುರುವಾಯಿತು. ಒಣಗಿ ಬಿದ್ದ ಎಲೆಗೆ ನಮ್ಮವರು ದರಗು ಅಂತ ಬರೆದರೆ ಅವರು ಪಕ್ಕದಲ್ಲಿ ದರಕು ಅಂತ ಕಾಮೆಂಟ್ ಹಾಕಿದರು. ಕರಾವಳಿಯಿಂದ ಬಂದು ಸೇರಿದ್ದ ಒಬ್ಬ ಹುಡುಗ, "ಎರಡೂ ಅಲ್ಲ, ತರಗೆಲೆ" ಅಂದ. ಅಲರ್ ನೋಡಿದರು, ಅಜ್ಜಿಯರನ್ನು ಕೇಳಿದರು. ಕೊನೆಗೆ ಮೂರೂ ಇರಲಿ ಅಂತ ತೀರ್ಮಾನ ಆಯಿತು. ಒಬ್ಬರ ಮುಖ ಒಬ್ಬರು ನೋಡದ ಮಕ್ಕಳು ಇವರು. ಮನೆಯಲ್ಲಿ ಲಂಬಾಣಿ ಆಡುವ ಹುಡುಗಿ ಒಬ್ಬಳು, ಕನ್ನಡ ಪೀರಿಯಡ್‌ನಲ್ಲಿ ಬಾಯಿ ಬಿಡದವಳು, ತಾನಾಗಿ ಒಂದು ಕಾಲಂ ಸೇರಿಸಿ ತನ್ನ ಮಾತಿನ ಪದ ತುಂಬಿದಳು. ನನ್ನ ಅನುಮತಿ ಕೇಳಲಿಲ್ಲ. ಕೇಳದೇ ಇದ್ದದ್ದೇ ಚೆನ್ನಾಯಿತು.

ಎಲ್ಲ ಹೀಗೇ ಇತ್ತು ಅಂದರೆ ಸುಳ್ಳಾಗುತ್ತದೆ. ಆಗುಂಬೆಯ ಮೇಲೆ ಪ್ರಬಂಧ ಬರೆಯಿರಿ ಅಂದರೆ ಒಬ್ಬ ವಿಕಿಪೀಡಿಯವನ್ನು ಹಾಗೇ ಇಳಿಸಿದ. ಲೇಖನದಲ್ಲಿ ಉಲ್ಲೇಖಕ್ಕೆ ಹಾಕಿದ್ದ ಸಣ್ಣ ಅಂಕೆಗಳನ್ನೂ ಬಿಡದೆ ಮುದ್ದಾಗಿ ನಕಲು ಮಾಡಿದ್ದ. ಬೈದೆ. ಆಮೇಲೆ ಆ ಅಂಕೆಗಳು ಏನು, ಅವು ಎಲ್ಲಿಗೆ ಕರೆದುಕೊಂಡು ಹೋಗುತ್ತವೆ ಅಂತ ಒಂದು ಇಡೀ ಪೀರಿಯಡ್ ಹೇಳಿಕೊಡಬೇಕಾಯಿತು. ಅದೂ ಒಳ್ಳೆಯದೇ ಆಯಿತು. ಅದೇ ವರ್ಷ ಮಂಗನ ಕಾಯಿಲೆಯ ಗುಲ್ಲು ಎದ್ದಿತ್ತು. ಸತ್ತ ಮಂಗ ಬಿದ್ದ ದಾರಿಯಲ್ಲಿ ನಡೆದವರ ಉಸಿರು ತಾಗಿದರೂ ಕಾಯಿಲೆ ಬರುತ್ತದೆ ಅಂತ ವಾಟ್ಸ್ಯಾಪ್‌ನಲ್ಲಿ ಹರಿದಾಡುತ್ತಿತ್ತು. ಆ ಕಡೆಯಿಂದ ಬರುವ ಇಬ್ಬರು ಮಕ್ಕಳ ಜೊತೆ ಬೇರೆಯವರು ಕೂರುತ್ತಿರಲಿಲ್ಲ. ಪೆಟ್ಟಿಗೆ ತೆಗೆದು ಓದಿಸಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ ಅದು. ಹರಡುವುದು ಉಣುಗು ಕಚ್ಚಿ, ಮನುಷ್ಯರಿಂದ ಮನುಷ್ಯರಿಗೆ ಅಲ್ಲ. ಮಕ್ಕಳೇ ಒಂದು ಹಾಳೆ ಬರೆದು ಬಸ್‌ಸ್ಟಾಪ್‌ನಲ್ಲಿ ಅಂಟಿಸಿದರು. ಕಾಡಿಗೆ ಹೋಗುವ ಮೊದಲು ಡೆಪಾ ಎಣ್ಣೆ (ಉಣುಗು ಹತ್ತದಂತೆ ತಡೆಯುವಂಥದ್ದು) ಹಚ್ಚಿಕೊಳ್ಳಿ ಅನ್ನುವ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದರು. ಮಾರನೇ ದಿನ ಆ ಇಬ್ಬರ ಪಕ್ಕ ಜಾಗ ತುಂಬಿತ್ತು.

ಈಗ ತಪ್ಪಿನ ವಿಷಯ.

ಒಂದು ಸೋಮವಾರ ಬೆಳಿಗ್ಗೆ ಪದಗಳ ಪಟ್ಟಿಯಲ್ಲಿ ಉಂಬಳ ಅನ್ನುವುದರ ಮುಂದೆ, ಅರ್ಥ ಬರೆಯುವ ಜಾಗದಲ್ಲಿ, ಒಬ್ಬ ಹುಡುಗಿಯ ಹೆಸರಿತ್ತು. ನಾನು ನೋಡಿ ಅಳಿಸುವಷ್ಟರಲ್ಲಿ ಯಾರೋ ಅದರ ಫೋಟೋ ತೆಗೆದಾಗಿತ್ತು. ಸಂಜೆಗೆ ಊರಿನ ಗ್ರೂಪ್‌ನಲ್ಲಿ ಬಂತು. ಆ ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ಅವಳ ಅಮ್ಮ ಬಂದರು. ಅವರು ಕೂಗಾಡಿದ್ದರೆ ಸುಲಭ ಇತ್ತು. "ಮೇಡಂ, ನಿಮ್ಮನ್ನು ನಂಬಿ ಕಳಿಸಿದ್ದು" ಅಂದರು, ಅಷ್ಟೇ.

ಗೂಗಲ್ ಶೀಟ್‌ನಲ್ಲಿ ಯಾರು ಯಾವಾಗ ಏನು ಬದಲಾಯಿಸಿದರು ಅಂತ ಹಿಂದಕ್ಕೆ ಹೋಗಿ ನೋಡಬಹುದು. ನೋಡಿದೆ. ಎಲ್ಲ ಕಡೆ ಒಂದೇ ಹೆಸರು, ಶಾಲೆಯದ್ದು. ಯಾಕೆಂದರೆ ಆರೂ ಟ್ಯಾಬ್‌ಗೆ ನಾನು ಒಂದೇ ಲಾಗಿನ್ ಹಾಕಿಕೊಟ್ಟಿದ್ದೆ, ಸುಲಭ ಆಗುತ್ತದೆ ಅಂತ. ಯಾರು ಬರೆದರು ಅಂತ ಇವತ್ತಿಗೂ ಗೊತ್ತಿಲ್ಲ. ಈ ತಪ್ಪು ನನ್ನದು. ಮಕ್ಕಳದ್ದೂ ಅಲ್ಲ, ಟ್ಯಾಬಿನದ್ದೂ ಅಲ್ಲ.

ಮುಂದೆ ಏನು ಮಾಡಬೇಕು ಅಂತ ಮಕ್ಕಳ ಜೊತೆ ಕೂತು ಬರೆದೆವು. ಪ್ರತಿಯೊಬ್ಬರಿಗೂ ಒಂದು ನಂಬರ್, ಟ್ಯಾಬ್ ತೆಗೆದುಕೊಳ್ಳುವಾಗ ಪುಸ್ತಕದಲ್ಲಿ ಸಹಿ. ಬರೆದದ್ದು ಮೊದಲು ಒಂದು ಕರಡು ಹಾಳೆಗೆ ಹೋಗಬೇಕು. ಇಬ್ಬರು ಮಕ್ಕಳು ಮತ್ತು ಒಬ್ಬ ಟೀಚರ್ ನೋಡಿದ ಮೇಲೆ ಎಲ್ಲರಿಗೂ ಕಾಣಬೇಕು. ಯಾವ ಮಗುವಿನ ಹೆಸರೂ, ಮುಖವೂ ಶೀಟಿನಲ್ಲಿ ಇರಬಾರದು. ಮನೆಯಿಂದ ಒಪ್ಪಿಗೆ ಪತ್ರ ಬೇಕು. ಇದು ನಮ್ಮ ತಲೆಯಿಂದ ಬಂದದ್ದು ಮಾತ್ರ ಅಲ್ಲ. 2023ರಲ್ಲಿ ಆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ನೋಡುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಚಾರ್ಟ್ ಬರೆದು ಗೋಡೆಗೆ ಹಾಕಿದೆವು. ಆ ಹುಡುಗಿಯ ಅಮ್ಮನೇ ಮೊದಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಅದರ ಮುಂದಿನ ವಾರ ಆ ಭೇಟಿ, ಆ ಮಾತು. ಎಲ್ಲ ಬೀರು ಸೇರಿತು.

ಬೆಂಚಿನ ಮೇಲೆ ಮಕ್ಕಳು ಕೈವಾರದಲ್ಲಿ ಏನೇನೋ ಕೆತ್ತುತ್ತಾರೆ. ಹಾಗಂತ ಬೆಂಚು ಎತ್ತಿ ಒಳಗಿಡುತ್ತೇವಾ? ಶೌಚಾಲಯದ ಗೋಡೆ ಮೇಲೆ ಬರೆದರು ಅಂತ ಇದ್ದಿಲು ನಿಷೇಧ ಮಾಡುತ್ತೇವಾ? ಸುಣ್ಣ ಬಳಿಯುತ್ತೇವೆ, ಬರೆದವರನ್ನು ಕರೆದು ಮಾತಾಡುತ್ತೇವೆ, ಮತ್ತೆ ಪಾಠ ಮಾಡುತ್ತೇವೆ. ಮಕ್ಕಳು ಬೇರೆಯವರ ಬಗ್ಗೆ ಎಲ್ಲರೆದುರು ಬರೆಯುವುದನ್ನು ಎಲ್ಲೋ ಒಂದು ಕಡೆ ಕಲಿಯಲೇಬೇಕು. ನಮ್ಮಲ್ಲಿ ಕಲಿಯದಿದ್ದರೆ ಊರಿನ ಗ್ರೂಪ್‌ನಲ್ಲಿ ಕಲಿಯುತ್ತಾರೆ. ಆ ಫೋಟೋ ಹರಡಿದ್ದು ಎಲ್ಲಿ ಅಂತ ನೆನಪಿಸಿಕೊಳ್ಳಿ. ಅಲ್ಲಿದ್ದವರೆಲ್ಲ ದೊಡ್ಡವರೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಟೀಚರ್‌ಗಳೇ ತಪ್ಪು ಮಾಡುವ ಜಾಗ ಇದು. ಆನ್‌ಲೈನ್‌ನಲ್ಲಿ ಸಿಕ್ಕಿದ್ದೆಲ್ಲ ಹಂಚಬಹುದು ಅಂತಲ್ಲ. ನಮ್ಮ ಟೀಚರ್ಸ್ ಗ್ರೂಪ್‌ನಲ್ಲಿ ದಿನಾ ಯಾರೋ ಒಬ್ಬರು, ಮೊನ್ನೆ ಮೊನ್ನೆ ಅಚ್ಚಾದ ಪುಸ್ತಕದ ಪಿಡಿಎಫ್ ಇದ್ದರೆ ಕಳಿಸಿ ಅಂತ ಕೇಳುತ್ತಾರೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಕುಪ್ಪಳಿ ನಮ್ಮ ಪಕ್ಕದ ತಾಲ್ಲೂಕು, ಕುವೆಂಪು ನಮ್ಮವರೇ, ನಿಜ. ಆದರೆ ಅವರು ತೀರಿಕೊಂಡದ್ದು 1994ರಲ್ಲಿ. ಅವರ ಪುಸ್ತಕಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಸ್ಟೋರಿವೀವರ್ ಕಥೆಗಳು ಹಾಗಲ್ಲ. ಬರೆದವರ ಹೆಸರು ಹಾಕಿದರೆ ಸಾಕು, ಮುದ್ರಿಸಬಹುದು, ಬೇರೆ ಭಾಷೆಗೆ ತರಬಹುದು. ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ಐವತ್ತೈದು ದಾಟಿದ ಮೇಲೆ. ನಮ್ಮ ಎಂಟನೆಯವರಿಗೆ ಒಂದೇ ಮಧ್ಯಾಹ್ನದಲ್ಲಿ ಗೊತ್ತಾಯಿತು.

ಕೇಳುವುದು ಜಾಸ್ತಿ ಏನಿಲ್ಲ. ಪೆಟ್ಟಿಗೆ, ಟ್ಯಾಬ್ ಹೊರಗೆ ತೆಗೆಯಲು ಅವಕಾಶ ಕೊಡಿ. ಕೊಡುವುದಿಲ್ಲ ಅಂದರೆ ಯಾಕೆ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ಬರೆದದ್ದಕ್ಕೆ ಉತ್ತರ ಕೊಡಬಹುದು, ಕುರ್ಚಿಯಿಂದ ಏಳುತ್ತಾ ಹೇಳಿದ್ದಕ್ಕೆ ಹೇಗೆ ಕೊಡುವುದು? ಲೈಬ್ರರಿ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಇರಲಿ, ಅದನ್ನು ಗಣಿತದವರು ಕಿತ್ತುಕೊಳ್ಳದ ಹಾಗೆ ಇರಲಿ. ಗಣಿತದ ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು, ಅವರಿಗೂ ಗೊತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಆ ಸ್ಟಾಕ್ ರಿಜಿಸ್ಟರ್. ವರ್ಷಕ್ಕೆ ಇಷ್ಟು ಪುಸ್ತಕ ಸವೆಯುತ್ತವೆ, ಕಳೆಯುತ್ತವೆ, ಟ್ಯಾಬಿನ ಬ್ಯಾಟರಿ ಸಾಯುತ್ತದೆ ಅಂತ ಮೊದಲೇ ಒಪ್ಪಿಕೊಳ್ಳಿ. ಓದಿ ಹರಿದ ಪುಸ್ತಕವನ್ನು ಲೆಕ್ಕದಿಂದ ತೆಗೆಯಲು ಸುಲಭದ ದಾರಿ ಮಾಡಿಕೊಡಿ. ಆ ಹೊಸ ಟೀಚರ್ ಚೂಟಿ ಇದ್ದಾರೆ, ನನಗಿಂತ ಚೆನ್ನಾಗಿ ಇದನ್ನೆಲ್ಲ ನಡೆಸುತ್ತಾರೆ. ಆದರೆ ಅವರ ಸಂಬಳದ ಮೇಲೆ ಕತ್ತಿ ತೂಗುತ್ತಿದ್ದರೆ ಅವರು ಬೀಗವನ್ನೇ ನಂಬುತ್ತಾರೆ. ನಾನಾದರೂ ಅಷ್ಟೇ.

ಎಸ್‌ಡಿಎಂಸಿಯವರಿಗೆ ಒಂದು ಮಾತು. ನಮ್ಮ ಪಂಚಾಯಿತಿ ಲೈಬ್ರರಿ ಈಗ ಅರಿವು ಕೇಂದ್ರ. 2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಾಗ ಪೆಟ್ಟಿಗೆಯನ್ನು ಅಲ್ಲಿಡಬಹುದು ಅಲ್ವಾ? ನಡೆದು ಹೋದರೆ ಹತ್ತು ನಿಮಿಷ. ನೆಟ್ ಚೆನ್ನಾಗಿ ಸಿಗುವ ಮನೆಯವರು ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲೂ ಮಕ್ಕಳನ್ನು ಸೇರಿಸಿ. ಅದಕ್ಕೂ ದುಡ್ಡಿಲ್ಲ.

ಪಾಸ್‌ವರ್ಡ್ ಬರೆದ ಲಕೋಟೆ ಹೆಡ್‌ಮಾಸ್ಟರ್ ಹತ್ತಿರ ಇದೆ. ಟ್ಯಾಬ್‌ಗಳನ್ನು ತಿಂಗಳಿಗೊಮ್ಮೆಯಾದರೂ ಚಾರ್ಜ್‌ಗೆ ಹಾಕಲು ಹೇಳಿ, ಖಾಲಿ ಬಿಟ್ಟರೆ ಬ್ಯಾಟರಿ ಹಾಳಾಗುತ್ತದೆ. ಬೀರುವಿನ ಕೆಳಗಿನ ಖಾನೆಗೆ ಮಳೆಗಾಲದಲ್ಲಿ ಗೋಡೆಯಿಂದ ತೇವ ಬರುತ್ತದೆ, ಮೇಲಿನ ಖಾನೆಗೆ ಎತ್ತಿಟ್ಟರೆ ಉಪಕಾರ.

ಪದಗಳ ಪಟ್ಟಿ ತೆಗೆದವರಿಗೆ ಕೊನೆಯ ಸಾಲಿನಲ್ಲಿ ಗೊರಬು ಅಂತ ಕಾಣುತ್ತದೆ. ಬೆನ್ನ ಮೇಲೆ ಹೊತ್ತು ಗದ್ದೆ ನೆಟ್ಟಿ ಮಾಡುತ್ತಿದ್ದ ಎಲೆಯ ಹೊದಿಕೆ ಅದು, ನನಗೆ ಗೊತ್ತು. ಆದರೆ ಅರ್ಥದ ಜಾಗದಲ್ಲಿ ಒಬ್ಬ ಹುಡುಗಿ "ಅಜ್ಜಿ ಹತ್ರ ಕೇಳಿ ನಾಳೆ ಬರೀತೀನಿ" ಅಂತ ಬರೆದಿದ್ದಾಳೆ. ದಯವಿಟ್ಟು ಅದನ್ನು ಯಾರೂ ತುಂಬಬೇಡಿ. ಅವಳು ಈಗ ಹತ್ತನೇ ತರಗತಿ, ಮಾರ್ಚ್‌ವರೆಗೆ ಶಾಲೆಯಲ್ಲಿರುತ್ತಾಳೆ.

ಇಂತಿ,
ಲೈಬ್ರರಿ ಚಾರ್ಜ್ ಇದ್ದ ಒಬ್ಬ ನಿವೃತ್ತ ಟೀಚರ್
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ